ಎರಡು ಡಬ್ಬ ಹಳದಿ ಬಣ್ಣ

ನಮ್ಮಪ್ಪನಿಗೆ ಗೆರೆಯ ಹುಚ್ಚು. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ದಾರ ಹಿಡಿದು ನೋಡುವ ಮನುಷ್ಯ. ಅಂಥವನ ಕೈಗೆ ಒಂದೂವರೆ ಕಿಲೋಮೀಟರ್ ಉದ್ದದ ರನ್‌ವೇ ಸಿಕ್ಕರೆ ಕೇಳಬೇಕೆ? ಇಪ್ಪತ್ತಾರು ವರ್ಷ ಆ ಸಣ್ಣ ವಿಮಾನ ನಿಲ್ದಾಣದ ಉಸ್ತುವಾರಿ ಅವನದೇ. ಪ್ರತಿ ಬೇಸಿಗೆಯಲ್ಲೂ ನಡುವಿನ ಬಿಳಿ ಗೆರೆಗೆ ಹೊಸ ಬಣ್ಣ ಹಚ್ಚುತ್ತಿದ್ದ. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಈಗ ನನಗೇ ಅಪ್ಪನ ಅಂದಿನ ವಯಸ್ಸು. ಆದರೂ ಎಲ್ಲಾದರೂ ಬಿಸಿ ಟಾರಿನ ವಾಸನೆ ಬಂದರೆ ಸಾಕು, "ಬಿಗಿಯಾಗಿ ಹಿಡಿಯೇ!" ಎಂದು ದೂರದಿಂದ ಅವನು ಕೂಗಿದ ಹಾಗಾಗುತ್ತದೆ.

ನನಗೆ ಇಪ್ಪತ್ತೆರಡಾಗುವ ಹೊತ್ತಿಗೆ ಹನ್ನೆರಡು ಕಿಲೋಮೀಟರ್ ಆಚೆ ದೊಡ್ಡ ನಿಲ್ದಾಣ ಎದ್ದಿತು, ನಮ್ಮದಕ್ಕೆ ಬೀಗ ಬಿತ್ತು. ಅಪ್ಪನನ್ನು ಕಾವಲಿಗೆಂದು ಉಳಿಸಿಕೊಂಡರು. ಅಲ್ಲೇ ಇದ್ದ ಮೂರು ಕೋಣೆಯ ಮನೆಯೂ ಉಳಿಯಿತು. ಆಮೇಲೆ ಒಂದು ಪತ್ರ ಬಂತು, ಜೊತೆಗೆ ಎರಡು ಡಬ್ಬ ಹಳದಿ ಬಣ್ಣ. ರನ್‌ವೇಯ ಎರಡೂ ತುದಿಯಲ್ಲಿ ದೊಡ್ಡದಾಗಿ ಇಂಟು ಮಾರ್ಕು ಬರೆಯಬೇಕು, ಇದು ಮುಚ್ಚಿದೆ ಎಂದು ಪೈಲಟ್‌ಗಳಿಗೆ ಮೇಲಿನಿಂದಲೇ ತಿಳಿಯಬೇಕು. ಅಪ್ಪ ಪತ್ರವನ್ನು ಮಡಿಸಿ ಜೇಬಿಗಿಟ್ಟ, ಡಬ್ಬಗಳನ್ನು ಶೆಡ್ಡಿಗಿಟ್ಟ, "ನಾಳೆ ನೋಡೋಣ" ಎಂದ. ಆ ನಾಳೆ ನಾಲ್ಕು ತಿಂಗಳಾದರೂ ಬರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಬೇಸಿಗೆ ಬಂದದ್ದೇ ತಡ, ಈ ಪುಣ್ಯಾತ್ಮ ಬಿಳಿ ಗೆರೆಗೆ ಮತ್ತೆ ಬಣ್ಣ ಹಚ್ಚಿದ!

"ಯಾರು ಇಳೀತಾರೆ ಅಂತ ಈ ಸಿಂಗಾರ? ಕಾಗೆನಾ?" ಎಂದು ಅಮ್ಮ ರೇಗಿಸಿದಳು.

ಇಳಿದದ್ದು ಕಾಗೆಯಲ್ಲ. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ, ಅಮ್ಮ ಬಟ್ಟೆ ಒಣಹಾಕುತ್ತಿದ್ದಾಗ, ಎಂಬತ್ತು ಜನರಿದ್ದ ವಿಮಾನವೊಂದು ನಮ್ಮ ಹೊಸ ಗೆರೆಯ ಮೇಲೆ ಇಳಿದು, ಕಿರುಚಿಕೊಂಡು ಓಡಿ, ಬೇಲಿಗೆ ಇನ್ನು ಇಪ್ಪತ್ತು ಹೆಜ್ಜೆ ಇದೆ ಎನ್ನುವಾಗ ನಿಂತಿತು. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ, ಹಿಂದೆಯೇ ನಾನು. ಪಕ್ಕದ ಕಿಟಕಿ ತೆರೆದು ನರೆತ ತಲೆಯ ಕ್ಯಾಪ್ಟನ್ ಇಣುಕಿದ.

"ಯಜಮಾನ್ರೇ, ಇದು ಹೊಸ ನಿಲ್ದಾಣ ಅಲ್ವಾ?"

"ಅಲ್ಲ ಸ್ವಾಮಿ, ಹಳೇದು."

ಕ್ಯಾಪ್ಟನ್ ಮುಂದಿದ್ದ ಬೇಲಿಯನ್ನೊಮ್ಮೆ, ಅಪ್ಪನ ಬರಿಗಾಲನ್ನೊಮ್ಮೆ ನೋಡಿದ. ಆಮೇಲೆ, "ಏಣಿ ಇದೆಯಾ?" ಎಂದ.

ಇದ್ದದ್ದು ಗೋಡೆಗೆ ಬಣ್ಣ ಹೊಡೆಯುವ ಎರಡು ಏಣಿ. ಅವನ್ನೇ ಸೇರಿಸಿ ಕಟ್ಟಿ, ಬುಡವನ್ನು ಅಪ್ಪನೂ ನಾನೂ ಹಿಡಿದು, ಒಬ್ಬೊಬ್ಬರನ್ನೇ ಇಳಿಸಿದೆವು. "ನಾನು ದುಡ್ಡು ಕೊಟ್ಟಿದ್ದು ವಿಮಾನಕ್ಕಪ್ಪಾ, ಏಣಿಗಲ್ಲ" ಎಂದು ಅಜ್ಜಿಯೊಬ್ಬಳು ಅರ್ಧದಲ್ಲೇ ನಿಂತು ಗದರಿದಳು. ಅಮ್ಮ ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಟೀ ಕಾಯಿಸಿದಳು. ಲೋಟ ಇದ್ದದ್ದು ಒಂಬತ್ತು, ತೊಳೆದು ತೊಳೆದು ನನ್ನ ಬೆರಳು ಸುಕ್ಕಾದವು. ಅಪ್ಪ ಮಾತ್ರ ಆ ಗದ್ದಲದಲ್ಲಿ ಮಗಳ ಮದುವೆ ಮಾಡುವವನ ಹಾಗೆ ಓಡಾಡುತ್ತಿದ್ದ. ಅವನನ್ನು ಅಷ್ಟು ಖುಷಿಯಾಗಿ ನಾನು ಮತ್ತೆಂದೂ ನೋಡಲಿಲ್ಲ.

ಜನರೆಲ್ಲ ಬಸ್ಸು ಹತ್ತಿ ಹೋದ ಮೇಲೆ ಅಮ್ಮ ಅವನನ್ನು ಅಡುಗೆಮನೆಗೆ ಎಳೆದಳು.

"ವಿಚಾರಣೆಗೆ ಬರ್ತಿದ್ದಾರಂತೆ. ರೀ, ಆ ಪತ್ರ, ಬಣ್ಣ ಯಾವುದೂ ಬಂದಿಲ್ಲ ಅಂದ್ಬಿಡಿ. ಕೆಲಸ ಹೋದ್ರೆ ಮನೆನೂ ಹೋಗುತ್ತೆ. ಪೆನ್ಶನ್ನಿಗೆ ಇನ್ನು ಒಂದೂವರೆ ವರ್ಷ ಅಷ್ಟೇ."

ಅಪ್ಪ ಪತ್ರವಿದ್ದ ಜೇಬನ್ನು ಮುಟ್ಟಿ ನೋಡಿಕೊಂಡು ಹೊರಗೆ ಹೋದ. ನಾನು ಸುಮ್ಮನೆ ಶೆಡ್ಡಿಗೆ ಹೋಗಿ ಎರಡೂ ಡಬ್ಬಗಳನ್ನು ಗೋಣಿಚೀಲಗಳ ಅಡಿಯಲ್ಲಿ ಮುಚ್ಚಿಟ್ಟೆ. ಯಾರೂ ಹೇಳಿರಲಿಲ್ಲ. ನಾನಾಗಿಯೇ ಮಾಡಿದ ಕೆಲಸ ಅದು.

ಮಧ್ಯಾಹ್ನ ಬಂದ ಅಧಿಕಾರಿ ಅಪ್ಪನ ಆಫೀಸಿನ ಕುರ್ಚಿಯಲ್ಲೇ ಕೂತ. ಕ್ಯಾಪ್ಟನ್ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನೆದುರು ನಿಂತಿದ್ದ. ನಾನೂ ಅಪ್ಪನೂ ಬಾಗಿಲಲ್ಲಿದ್ದೆವು.

"ಮುಚ್ಚಿದ ರನ್‌ವೇ ಅಂತ ಗೊತ್ತಾಗಲಿಲ್ವೇನ್ರೀ?"

"ಗೆರೆ ಅಷ್ಟು ಚೆನ್ನಾಗಿತ್ತು ಸರ್. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಗೆರೆ ನೋಡಿಲ್ಲ. ಆದ್ರೆ ಅದನ್ನ ನೆಪ ಅಂತ ಹೇಳ್ತಿಲ್ಲ. ಎಲ್ಲಿ ಇಳೀತಿದ್ದೀನಿ ಅಂತ ಇನ್ನೊಂದ್ಸಲ ನೋಡ್ಬೇಕಿತ್ತು. ತಪ್ಪು ನಂದೇ."

"ಹಾಗಾದ್ರೆ ಇನ್ನು ವಿಮಾನ ಹಾರಿಸೋದನ್ನ ಮರೆತುಬಿಡಿ."

ಕ್ಯಾಪ್ಟನ್ ತಲೆಯಾಡಿಸಿದ. ಅಪ್ಪ ನನ್ನನ್ನು ಅಂಗಳಕ್ಕೆ ಕರೆದ.

"ಆಗ್ಲೇ ನೋಡ್ದೆ, ಶೆಡ್ಡಲ್ಲಿ ಡಬ್ಬ ಇಲ್ವಲ್ಲ ಮಗಳೇ. ಎಲ್ಲಿಟ್ಟೆ?"

"ಯಾವ ಡಬ್ಬ?" ಎಂದೆ.

ಅವನು ಗದರಲಿಲ್ಲ. ಗದರಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ.

"ಆ ಮನುಷ್ಯ ನನ್ನ ಗೆರೆ ನಂಬಿ ಇಳಿದ ಕಣಮ್ಮ" ಎಂದ.

ಹೋಗಿ ತಂದುಕೊಟ್ಟೆ. ಆ ಎರಡು ಡಬ್ಬಗಳಷ್ಟು ಭಾರವನ್ನು ನಾನು ಜನ್ಮದಲ್ಲಿ ಹೊತ್ತಿಲ್ಲ. ಅಪ್ಪ ಮುಚ್ಚಳ ಬಿಚ್ಚದ ಡಬ್ಬಗಳನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಪತ್ರ ತೆಗೆದು ಪಕ್ಕದಲ್ಲಿಟ್ಟ.

"ಇಂಟು ಮಾರ್ಕು ಹಾಕು ಅಂತ ಹೇಳಿದ್ರಿ ಸರ್. ಕೈ ಬರಲಿಲ್ಲ."

ಕ್ಯಾಪ್ಟನ್ ಆರು ತಿಂಗಳು ನೆಲದ ಮೇಲಿದ್ದು ಮತ್ತೆ ಹಾರಿದ. ಅಪ್ಪನ ಕೆಲಸ ಹೋಯಿತು. ಮನೆ ಬಿಡಲು ಮೂರು ದಿನ ಕೊಟ್ಟರು. ಅಮ್ಮ ಪಾತ್ರೆಗಳನ್ನು ಸದ್ದು ಮಾಡುತ್ತ ಮೂಟೆ ಕಟ್ಟಿದಳು, ಅವನೊಡನೆ ಮಾತು ಬಿಟ್ಟಳು. ಇಂಟು ಮಾರ್ಕು ಹಾಕಲು ಬೇರೆ ಜನ ಕಳಿಸುತ್ತೇವೆ ಎಂದರೆ ಅಪ್ಪ ಒಪ್ಪಲಿಲ್ಲ.

"ಹೊಡೆದು ಹಾಕೋದಾದ್ರೂ ನೆಟ್ಟಗೆ ಹೊಡೀಬೇಕು" ಎಂದು ಹಗ್ಗ ತೆಗೆದ.

ವಿಚಾರಣೆಯ ಮರುದಿನ ಆ ವಿಮಾನ ಖಾಲಿಯಾಗಿ ಎದ್ದು ಹೋಯಿತು. ಅದು ಚುಕ್ಕಿಯಾಗುವ ತನಕ ನೋಡಿ ಅಪ್ಪ ಡಬ್ಬದ ಮುಚ್ಚಳ ಎಬ್ಬಿಸಿದ. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬಿಳಿ ಗೆರೆಯ ಮೇಲೆ ಅಡ್ಡಡ್ಡ ಹಳದಿ ಎಳೆಯುತ್ತ ಅವನು ಬಗ್ಗಿಕೊಂಡೇ ದೂರ ಹೋದ. ಆ ತುದಿಯಲ್ಲಿ ಎದ್ದು ನಿಂತು ಕೂಗಿದ:

"ನೆಟ್ಟಗಿದೆಯೇನೇ?"

ಕಣ್ಣು ತುಂಬಿ ನನಗೆ ಹಗ್ಗವೇ ಕಾಣುತ್ತಿರಲಿಲ್ಲ.

"ನೆಟ್ಟಗಿದೆ ಅಪ್ಪಾ" ಎಂದು ಕೂಗಿದೆ.