ಸರದಿ ಮುರಿದ ಜಯತೀರ್ಥರಾಯರು

ಜಯತೀರ್ಥರಾಯರು ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ಆದೋನಿಯಲ್ಲಿ ಕಂಡವರಿರಲಿಲ್ಲ. ಚಹಾದಂಗಡಿಯ ಹರಟೆಯಲ್ಲೂ ತಮ್ಮ ಸರದಿ ಬರುವವರೆಗೆ ಕರಿ ಕೋಟಿನ ಮೇಲುಗುಂಡಿಯನ್ನು ತಿರುವುತ್ತ ಕೂರುವರು. ಅಷ್ಟರಲ್ಲಿ ಚಹಾ ಆರಿ, ವಿಷಯವೇ ಮುಗಿದಿರುತ್ತಿತ್ತು. ಬೀದಿಯಲ್ಲಿ ಗೋಡೆಗೆ ಒತ್ತಿ ನಡೆದು ಹತ್ತಿಯ ಬಂಡಿಗೂ, ಬಂಡಿಯ ಹಿಂದಿನ ನಾಯಿಗೂ ದಾರಿ ಬಿಡುವ ಈ ಮಹಾನುಭಾವರು ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಅವರ ಸೌಜನ್ಯ ನನಗೆ ಇಷ್ಟ. ಅದರ ನಿಧಾನ ಮಾತ್ರ ತಲೆಚಿಟ್ಟು.

ಎಂಬತ್ತರ ದಶಕದ ನಡುವೆ ಅವರು, ನನ್ನನ್ನು ಜೊತೆಗಿಟ್ಟುಕೊಂಡು, ಆಂಜಿನಪ್ಪನವರ ಹತ್ತಿ ಗಿರಣಿಗೆ ಒಂದು ಜಾಲ ಕಟ್ಟಿದರು. ಕೋಣೆಗೊಂದು ಪುಟ್ಟ ಗಣಕ, ಅದರ ಕೈಯಲ್ಲಿ ಆ ಕೋಣೆಯ ಹತ್ತಿಯಂತ್ರದ ಕಡಿವಾಣ, ಎಲ್ಲವನ್ನೂ ಬಳಸಿ ಉಂಗುರದಂತೆ ಸುತ್ತಿ ಬರುವ ತಂತಿ. ಸರದಿ ಬಂದ ಗಣಕ ಮಾತ್ರ ತನ್ನ ಕೋಣೆಯ ಹತ್ತಿಯ ತೂಕದ ಸುದ್ದಿ ಕಳಿಸಬೇಕು, ಉಳಿದವು ಸುಮ್ಮನಿರಬೇಕು. ರಾಯರ ಸ್ವಭಾವವೇ ತಂತಿಯೊಳಗೆ ಹೊಕ್ಕಿತ್ತು.

ಜಾಲ ಬರುವ ಹಿಂದಿನ ವರ್ಷ ಅಲ್ಲಿ ಬೆಂಕಿ ಬಿದ್ದಾಗ, ಒಂದು ಕೋಣೆಯಲ್ಲಿ ಕಿಡಿ ಕಂಡರೂ ಮಿಕ್ಕ ಯಂತ್ರಗಳು ಓಡುತ್ತಲೇ ಇದ್ದು, ಗಾದಿಲಿಂಗಮ್ಮನೆಂಬ ಕೆಲಸದಾಕೆಯ ಮುಂಗೈ ಸುಟ್ಟಿತ್ತು. ಅದಕ್ಕೇ ಹೊಸ ಜಾಲದ ಪರೀಕ್ಷೆಗೆ ಆಕೆಯೇ ‘ನಿಲ್ಲಿಸು’ ಗುಂಡಿ ಒತ್ತಿದಳು. ಆ ಸಂದೇಶವೂ ಸರದಿಗಾಗಿ ಕಾದು ನಿಂತಿತು. ಯಂತ್ರಗಳು ಓಡುತ್ತಲೇ ಇದ್ದವು.

“ಬೆಂಕಿ ಸರದಿ ಕಾಯ್ತೈತೇನ್ರೀ ರಾಯರ? ಶುಕ್ರವಾರ ಇನ್ನೊಮ್ಮಿ ನೋಡ್ತೀನಿ. ಆಗ್ಲಿಲ್ಲಂದ್ರ ತಂತಿ ಕಿತ್ಗೊಂಡು ಹೋಗ್ರಿ” ಎಂದರು ಆಂಜಿನಪ್ಪ.

“ಶಿಸ್ತು ಕೆಟ್ರ ಎಲ್ಲಾ ಕೆಡ್ತದ” ಎಂದು ರಾಯರು ಗೊಣಗಿದರು, ಆಂಜಿನಪ್ಪ ಮಾತು ಮುಗಿಸಿದ ಮೇಲೆ.

ಮರುದಿನ ರಾಯರ ಮನೆಯಲ್ಲಿ ನನಗೂ ಊಟ. ಅಲ್ಲಿ ಪಂಕ್ತಿಯೆಂದರೆ ಮೌನ. ಎಲ್ಲರ ಊಟ ಮುಗಿಯದೆ ಯಾರೂ ಏಳುವಂತಿಲ್ಲ. ನಡುವೆ ಅವರ ಸೋದರಮಾವನ ಗಂಟಲಿಗೆ ತುತ್ತು ಸಿಕ್ಕಿತು. ನಾವು ನಿಯಮಕ್ಕೆ ಕಟ್ಟುಬಿದ್ದು ಕಣ್ಣರಳಿಸುತ್ತಿದ್ದಾಗ ರಾಯರು ಎಲೆಗಳನ್ನು ದಾಟಿ ಹಾರಿ, “ನೀರು ತಾ!” ಎಂದು ಅರಚಿ, ಮಾವನ ಬೆನ್ನಿಗೆ ಗುದ್ದಿದರು. ಮಾವ ಉಸಿರಾಡಿದರು.

“ಅವರ ಊಟ ಮುಗಿಯೋತನಕ ಕಾಯ್ಬೇಕಿತ್ತಲ್ಲ ಮತ್ತ?” ಎಂದು ನಕ್ಕರು ಮಡದಿ ಅನ್ನಪೂರ್ಣಾಬಾಯಿ.

ರಾಯರು ನಗಲಿಲ್ಲ. ಎಂಜಲು ಕೈ ತೊಳೆದವರೇ ಕೋಟು ಮರೆತು ಗಿರಣಿಗೆ ಹೊರಟರು.

ಹೊಸ ಕಟ್ಟಳೆ ಇಷ್ಟೇ: ‘ನಿಲ್ಲಿಸು’ ಎಂಬ ಸಂದೇಶ ಯಾರ ಮಾತನ್ನಾದರೂ ತುಂಡರಿಸಬಹುದು. ಕೇಳಿದ ಗಣಕ ಮೊದಲು ಅದನ್ನು ಮುಂದಕ್ಕೆ ದಾಟಿಸಿ, ಆಮೇಲೆ ತನ್ನ ಕೋಣೆಯ ಯಂತ್ರವನ್ನು ನಿಲ್ಲಿಸಬೇಕು. ಸುತ್ತು ಮುಗಿಸಿ ಅದು ಹೊರಟಲ್ಲಿಗೇ ಮರಳಿದರೆ ಅಲ್ಲೊಂದು ದೀಪ ಹತ್ತುತ್ತದೆ.

ಶುಕ್ರವಾರ ಗಾದಿಲಿಂಗಮ್ಮ ಮತ್ತೆ ಒತ್ತಿದಳು. ಬೆರಳು ತೆಗೆಯುವುದರೊಳಗೆ ಗಿರಣಿಯೆಲ್ಲ ನಿಶ್ಶಬ್ದ. ಎದುರಿಗೆ ದೀಪ ಹತ್ತಿತ್ತು.

ಆಕೆ ದೀಪದತ್ತ ಬೆರಳು ತೋರಿದಳು. “ನನ್ನ ಮಾತು ಎಲ್ಲಾರಿಗೂ ಮುಟ್ಟೈತಂತ ಇದು ಹೇಳ್ತೈತೇನ್ರಿ? ಅವತ್ತು ನಾ ಎಷ್ಟು ಒದರಿದ್ರೂ...”

“ಶಭಾಷ್ ರಾಯರ, ಚಾಲಾ ಬಾಗುಂದಿ!” ಎಂದು ತೆಲುಗಿನಲ್ಲಿ ಹೊಗಳುತ್ತ ಆಂಜಿನಪ್ಪ ನಡುವೆ ನುಗ್ಗಿದರು.

“ಸುಮ್ನಿರ್ರಿ!” ಎಂದರು ಜಯತೀರ್ಥರಾಯರು. “ಆಕಿ ಇನ್ನೂ ಮಾತಾಡ್ಲಿಕತ್ತಾಳ.”

ನಿಯಮನಿಷ್ಠರನ್ನು ಕಂಡು ನಾವು ಹಗುರವಾಗಿ ನಗುತ್ತೇವೆ. ಆದರೆ ಜೀವಮಾನವೆಲ್ಲ ತಮ್ಮ ಸರದಿ ಕಾದ ಇಂಥವರಿಗೇ ಗೊತ್ತು, ಯಾರ ಸರದಿ ಎಂದೂ ಬಂದೇ ಇಲ್ಲವೆಂದು.