ಅಕ್ಕ ತುಂಬಿಕೊಟ್ಟ ಡಬ್ಬಿ

ಆಷಾಢದ ಒಂದು ಬೆಳಿಗ್ಗೆ, ಲಿಂಗಂಪಲ್ಲಿಯ ನಮ್ಮ ತಗಡಿನ ಶೆಡ್ಡುಗಳಿಗೆ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಇದು ಶುರುವಾಯಿತು. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಆಗ ಒಂದರ ಪಕ್ಕ ಒಂದು ಏಳುತ್ತಿದ್ದವು; ಸೇಡಂ ಕಡೆಯಿಂದ ಬಂದ ನಾವು ಅವಕ್ಕೆ ಇಟ್ಟಿಗೆ ಹೊರುತ್ತಿದ್ದೆವು. ನನ್ನ ತಂಗಿಯ ಮಕ್ಕಳು ಸುಗಲಮ್ಮ, ಶಿವದೇವಿ ಇಬ್ಬರೂ ಜೊತೆಗಿದ್ದರು. ಚಿಕ್ಕವಳು ಶಿವದೇವಿಗೆ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಹಳೆಯ ಔಷಧಿಗೆ ಬಗ್ಗಿರಲಿಲ್ಲ. ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದರ ಪರೀಕ್ಷೆ ನಡೆದಿತ್ತು. ಅವಳನ್ನು ಸೇರಿಸಿಕೊಳ್ಳುವ ಮೊದಲು ಮಲವನ್ನು ಡಬ್ಬಿಯಲ್ಲಿ ಕೇಳಿದ್ದರು.

ಯಾಕೆಂದು ತಿಳಿಸಿದವಳು ಪ್ರಯೋಗಾಲಯದ ಮಧುರಾ, ಮೈಸೂರಿನ ಹುಡುಗಿ. ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ. ನಾವು ತಿಂದದ್ದನ್ನು ಹುಳಿಹಿಡಿಸಿ ರಸ ಮಾಡುತ್ತವಂತೆ. ಕೆಲವು ಜೀವಿಗಳು ಮೈಯಿಂದ ಹೊರಬೀಳಬೇಕಾದ ಹೆಣ್ಣು ಹಾರ್ಮೋನನ್ನು ಮತ್ತೆ ರಕ್ತಕ್ಕೆ ಬಿಡುತ್ತವೆ, ಎದೆಯ ಕೆಲವು ಗಡ್ಡೆಗಳಿಗೆ ಅದೇ ಮೇವು. ಕೆಲವು ರಸಗಳು ಗಡ್ಡೆಯ ಮೇಲೆ ಬೀಳುವ ರಕ್ತದ ಕಾವಲುಗಾರರನ್ನು ಎಬ್ಬಿಸುತ್ತವೆ. ಹೊಸ ಔಷಧಿಗೂ ಆ ಕಾವಲುಗಾರರೇ ಬೇಕು.

ಆದರೆ ಶಿವದೇವಿ ಯಾರನ್ನೂ ಕೇಳದೆ ಕೋಠಿ ಪೇಟೆಯ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತರಿಸಿ ನುಂಗುತ್ತಿದ್ದಳು. ಅದರಿಂದ ಹೊಟ್ಟೆ ಕಟ್ಟಿ, ಡಬ್ಬಿಗೆ ಏನೂ ಬರಲಿಲ್ಲ. ಡಬ್ಬಿ ಕೊಡದಿದ್ದರೆ ಪರೀಕ್ಷೆಯ ಪಟ್ಟಿಯಿಂದ ತಂಗಿಯ ಹೆಸರು ಹೋಗುತ್ತದೆಂದು ಸುಗಲಮ್ಮನಿಗೆ ಭಯ. ತಾನೇ ಮರೆಗೆ ಹೋಗಿ ತುಂಬಿ ತಂದಳು.

ಮುಂದಿನ ವಾರ ಮಧುರಾ ಶೆಡ್ಡಿಗೇ ಬಂದಳು. ಗೂಡಿನಲ್ಲಿದ್ದ ಮಾತ್ರೆಯ ಖಾಲಿ ಹಾಳೆಗಳನ್ನು ಕಂಡು, ಕರುಳಿನ ಜೀವಿಗಳನ್ನೂ ಕೊಲ್ಲುವ ಮಾತ್ರೆ ಇಷ್ಟು ತಿಂದ ಹೊಟ್ಟೆಯಲ್ಲಿ ಅಷ್ಟೊಂದು ಜೀವಿಗಳು ಉಳಿದದ್ದು ಹೇಗೆ ಎಂದು ಮೆಲ್ಲಗೆ ಕೇಳಿದಳು. ಸುಗಲಮ್ಮ ಮುಚ್ಚಿಡಲಿಲ್ಲ. ಚಿಕ್ಕಂದಿನಲ್ಲಿ ತಂಗಿ ಜ್ವರದಲ್ಲಿ ಮಲಗಿದಾಗ ಊರ ಗುಡಿಯ ಸುತ್ತ ಉದ್ದಕ್ಕೆ ಬಿದ್ದು ಎದ್ದು ದೀಡ್ ನಮಸ್ಕಾರ ಹಾಕಿದವಳು ಅವಳೇ. ಈ ಸಲವೂ ಅದೇ ಗುಡಿಗೆ ಅದೇ ಹರಕೆ ಹೊತ್ತಿದ್ದಳು.

"ನಾ ಹಾಕಿದ ನಮಸ್ಕಾರ ಆಕಿಗಿ ಮುಟ್ಟೇತಿ. ಇದ್ಯಾಕ ಮುಟ್ಟಂಗಿಲ್ರಿ? ಒಂದ ಗಂಗಾಳದಾಗ ಉಣ್ಣಾಕತ್ತೀವಿ."

"ಒಂದೇ ತಟ್ಟೆಲಿ ಉಂಡ್ರೂ ಹೊಟ್ಟೆ ಬೇರೆ ಬೇರೆ ಅಮ್ಮ," ಎಂದಳು ಮಧುರಾ. "ನಿಮ್ಮದನ್ನ ನೋಡಿ ಅವರಿಗೆ ಔಷಧಿ ಕೊಟ್ಟಿದ್ರೆ ನಮ್ಮ ಲೆಕ್ಕವೆಲ್ಲ ತಪ್ಪುತ್ತಿತ್ತು."

ಗೋಡೆಗೆ ಒರಗಿದ್ದ ಶಿವದೇವಿಯೇ ಬಾಯಿ ಬಿಟ್ಟಳು: "ನನ್ನ ಪಾಲಿಂದೆಲ್ಲ ನೀನ ಮಾಡಿದಿ ಅಕ್ಕಾ. ಇದೊಂದರ ನನಗ ಬಿಡಬಾರದಿತ್ತೇನು?"

ಮಧುರಾಳಿಗೂ ನಗು ತಡೆಯಲಾಗಲಿಲ್ಲ.

ದೊಡ್ಡ ಡಾಕ್ಟರಿಗೆ ಅವಳೇ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕಾಯಲು ಒಪ್ಪಿದರು. ಮಾತ್ರೆ ನಿಂತಿತು. ಗಣೇಶ ಚೌತಿ ಕಳೆದ ಮೇಲೆ ಶಿವದೇವಿ ತನ್ನದೇ ಡಬ್ಬಿ ಕೊಟ್ಟಳು, ಹೆಸರು ಉಳಿಯಿತು. ಚಳಿಗಾಲವೆಲ್ಲ ಹೊಸ ಔಷಧಿಯ ಸೂಜಿ. ಶಿವರಾತ್ರಿಯ ಹೊತ್ತಿಗೆ ಗಡ್ಡೆ ಕುಗ್ಗಿದೆ ಎಂದರು; ವಾಸಿಯಾಯಿತು ಎನ್ನಲಿಲ್ಲ. ಔಷಧಿಯಿಂದಲೋ ಕರುಳಿನ ಜೀವಿಗಳಿಂದಲೋ, ಒಬ್ಬಳನ್ನು ನೋಡಿ ಹೇಳಲಾಗದು ಎಂದಳು ಮಧುರಾ.

ಹರಕೆ ತೀರಿಸಲು ಸುಗಲಮ್ಮ ಗಂಟು ಕಟ್ಟಿದಳು. ತಂಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಯುಗಾದಿ ಕಳೆದ ಸೋಮವಾರ, ಸೇಡಂ ಕಡೆಯ ರೈಲಿಗೆ ಶಿವದೇವಿ ಒಬ್ಬಳೇ ಹತ್ತಿ ಹೋದಳು.