ಇಲ್ಲಿ ಸ್ವಲ್ಪ ತಡೀರಿ

ನಾನು ಒಂದು ಟಿಪ್ಪಣಿ. ಕಂಪ್ಯೂಟರ್ ಪ್ರೋಗ್ರಾಮಿನ ಕೋಡ್ ಸಾಲುಗಳ ನಡುವೆ, ಮನುಷ್ಯರು ಓದಲೆಂದು ಬರೆದಿಟ್ಟ ಒಂದು ಸಾಲು. ಕಂಪ್ಯೂಟರ್ ನನ್ನನ್ನು ಕಣ್ಣೆತ್ತಿಯೂ ನೋಡದೆ ದಾಟಿಹೋಗುತ್ತದೆ. ನನಗೇನೂ ಬೇಸರವಿಲ್ಲ, ನಾನು ಹುಟ್ಟಿದ್ದು ಅದಕ್ಕಾಗಿ ಅಲ್ಲ.

ನನ್ನನ್ನು ಬರೆದವಳು ಧಾರವಾಡದ ಬಿಲ್ಕಿಸ್. ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮನ್ನು ಅವಳೂ ಉಡುಪಿಯ ಉದಯ ಶೆಟ್ಟಿಗಾರನೂ ಸೇರಿ ಕಟ್ಟುತ್ತಿದ್ದರು. ಸಂಬಳವಿಲ್ಲದ ಕೆಲಸ; ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದರ ಮೊದಲ ಕೇಳುಗರು ಅಂಧ ಮಕ್ಕಳ ಶಾಲೆಯ ಶಿಕ್ಷಕಿ ಇಂದುಮತಿ ಅಕ್ಕಾರು. ಅವರಿಗೂ ಕಣ್ಣು ಕಾಣದು. ಒಂದು ವಾಕ್ಯ ಕೇಳುವುದು, ದಪ್ಪ ಕಾಗದದ ಮೇಲೆ ಬ್ರೈಲ್ ಚುಕ್ಕಿಗಳನ್ನು ಒತ್ತುವುದು, ಮತ್ತೊಂದು ವಾಕ್ಯ ಕೇಳುವುದು. ಮಕ್ಕಳ ಪಾಠ ಹೀಗೆ ತಯಾರಾಗುತ್ತಿತ್ತು. ಅವರ ಕೈಯ ವೇಗ ನೋಡಿಕೊಂಡೇ ಬಿಲ್ಕಿಸ್ ಪ್ರತಿ ವಾಕ್ಯದ ಕೊನೆಗೆ ಒಂದು ನಿಲುಗಡೆ ಇಟ್ಟಳು. ಅದರ ತಲೆಯ ಮೇಲೆ ನನ್ನನ್ನು ಬರೆದಳು: ‘ಇಲ್ಲಿ ಸ್ವಲ್ಪ ತಡೀರಿ. ಅಕ್ಕಾರು ಬರಕೊಳ್ಳಾಕ ಹತ್ಯಾರ.’ ಬರೆದು ತಾನೇ ನಕ್ಕಳು. ಆ ನಗು ನನಗೆ ಇನ್ನೂ ನೆನಪಿದೆ.

ಉದಯನಿಗೆ ನನ್ನಂಥವರನ್ನು ಕಂಡರೆ ಆಗದು. ‘ಕೋಡ್ ಓದಿದ್ರೆ ಅರ್ಥ ಆಗ್ಬೇಕು ಮಾರಾಯ್ರೆ. ಕೋಡ್ ಬದಲಾಗ್ತದೆ, ಟಿಪ್ಪಣಿ ಹಳೇ ಸುಳ್ಳು ಹೇಳ್ತಾ ಕೂತಿರ್ತದೆ’ ಎಂದು ಚರ್ಚೆಯ ಪುಟದಲ್ಲಿ ಬರೆದ. ಅವನ ಮಾತು ಪೂರ್ತಿ ತಪ್ಪಲ್ಲ; ಅಂಥ ಸುಳ್ಳುಬುರುಕ ನೆರೆಯವರು ನನಗೂ ಇದ್ದರು. ಬಿಲ್ಕಿಸ್ ಬಿಡಲಿಲ್ಲ. ‘ಎಷ್ಟು ತಡೀಬೇಕಂತ ಕೋಡ್ ಹೇಳತೈತಿ. ಯಾರ ಸಲುವಾಗಿ ಅಂತ ಯಾರು ಹೇಳ್ಬೇಕ್ರಿ?’ ಜಗಳ ವಾರಗಟ್ಟಲೆ ನಡೆಯಿತು. ಕೊನೆಗೆ ಉದಯ ಟಿಪ್ಪಣಿಗಳನ್ನೆಲ್ಲ ಗುಡಿಸಿ ಹಾಕಿದ. ಬಿಲ್ಕಿಸ್ ಮತ್ತೆ ಬರಲಿಲ್ಲ.

ಅಳಿಸಿದ ಸಾಲು ಸಾಯುವುದಿಲ್ಲ. ಹಳೆಯ ಬದಲಾವಣೆಗಳ ಚರಿತ್ರೆಯಲ್ಲಿ ಅಳಿಸಿದ್ದಕ್ಕೆ ಗುರುತಾಗಿ ಕೆಂಪು ಬಳಿದುಕೊಂಡು ಬಿದ್ದಿರುತ್ತದೆ. ಅಲ್ಲಿಗೆ ಯಾರೂ ಬರುವುದಿಲ್ಲ. ನಾನು ಬಿಲ್ಕಿಸಳ ದಾರಿ ಕಾಯುತ್ತಿದ್ದೆ.

ಮುಂದೆ ಉದಯನ ಕಣ್ಣಿಗೆ ಆ ನಿಲುಗಡೆ ಬಿತ್ತು. ಯಾಕಿದೆ ಎಂಬುದು ಅವನಿಗೇ ಮರೆತುಹೋಗಿತ್ತು. ಸುಮ್ಮನೆ ತಡ ಮಾಡುತ್ತಿದೆ ಎಂದು ಕಿತ್ತುಹಾಕಿದ. ಸ್ವಲ್ಪ ದಿನಕ್ಕೆ ಅಕ್ಕಾರ ಧ್ವನಿ ಸಂದೇಶ ಬಂತು: ‘ಅದು ಓಡಾಕ ಹತ್ತೈತಿ ತಮ್ಮಾ, ನನ್ನ ಕೈ ಹಿಂದ ಉಳದೈತಿ. ಪರೀಕ್ಷಾ ಬಂತು, ಹುಡುಗರಿಗೆ ಓದಾಕ ಪಾಠ ಇಲ್ಲ.’

ಉದಯ ಚರಿತ್ರೆ ಕೆದಕುತ್ತ ನನ್ನ ಹತ್ತಿರ ಬಂದ. ಓದಿದ. ಆಮೇಲೆ ನಿಲುಗಡೆಯನ್ನೂ ನನ್ನನ್ನೂ, ಒಂದಕ್ಷರ ಬದಲಿಸದೆ, ಮೊದಲಿನ ಜಾಗಕ್ಕೆ ತಂದಿಟ್ಟ. ಆದರೆ ಇಲ್ಲಿ ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಗೆ ಮುಟ್ಟಿದವರ ಹೆಸರು ನಿಲ್ಲುತ್ತದೆ. ನನ್ನ ಪಕ್ಕ ಈಗ ಉದಯನ ಹೆಸರು. ಅದನ್ನು ನೋಡಿದಾಗಲೆಲ್ಲ ಬಿಲ್ಕಿಸ್ ಇನ್ನಷ್ಟು ನೆನಪಾಗುತ್ತಾಳೆ.

ಸರಿಯಾಯಿತೇ, ಪ್ರೋಗ್ರಾಮಿನಿಂದ ಓದಿಸಿ ನೋಡಿ ಎಂದು ಅವನು ನಾನಿದ್ದ ಪುಟವನ್ನೇ ಅಕ್ಕಾರಿಗೆ ಕಳಿಸಿದ. ಎಂದೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಂಪ್ಯೂಟರ್ ಅಂದು ನನ್ನನ್ನು ಗಟ್ಟಿಯಾಗಿ ಓದಿತು. ‘ಇಲ್ಲಿ ಸ್ವಲ್ಪ ತಡೀರಿ.’ ತಡೆಯಿತು. ‘ಅಕ್ಕಾರು ಬರಕೊಳ್ಳಾಕ ಹತ್ಯಾರ.’ ಮತ್ತೆ ತಡೆಯಿತು. ಅಕ್ಕಾರ ಕೈ ಕಾಗದದ ಮೇಲೆ ಹಾಗೇ ನಿಂತಿತು.

‘ಇದು ನಮ್ಮ ಬಿಲ್ಕಿಸ್ ಮಾತಲ್ಲೇನ? ಎಲ್ಲಿ ಅದಾಳ ಆಕಿ?’ ಎಂದರು.

ಧ್ವನಿ ಮುಂದಿನ ಸಾಲಿಗೆ ಹೋಗುವ ತನಕ ಅವರೂ ನಾನೂ ಅವಳಿಗಾಗಿ ಕಾದೆವು.